ಮನೆಯಲ್ಲೇ ಕಟ್ಟಿದ ದೋಣಿಗೆ ನಂಬರ್ ಮಾಡಿಸಿದ್ದು: ತಪಾಸಣೆಗೆ 5, ಕೌಂಟರಿಗೆ 2

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ಮನೆಗೆ ಬಂದು ದೋಣಿ ನೋಡಿದ ತಪಾಸಣೆಗೆ 5ಕ್ಕೆ 5. ಅರ್ಜಿ ತೆಗೆದುಕೊಳ್ಳುವ ಕೌಂಟರಿಗೆ 5ಕ್ಕೆ 2. ನಿಯಮಗಳಿಗೆ 5ಕ್ಕೆ 4. ಒಂದು ಅಂಕ ಕಡಿಮೆ ಯಾಕೆ ಅಂದರೆ, ನಿಯಮ ಚೆನ್ನಾಗಿದೆ, ಆದರೆ ದೋಣಿ ಕಟ್ಟುವವನಿಗೆ ಅದು ಬೇಕಾದ ಹೊತ್ತಿಗೆ ಯಾರೂ ಹೇಳುವುದಿಲ್ಲ. ಬಣ್ಣ ಬಳಿದು, ಪಾಲಿಶ್ ಮಾಡಿ, ಎಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ನಾನಿರುವುದು ಅಮೆರಿಕದಲ್ಲಿ. ರಾಜ್ಯದ ಹೆಸರು ಬರೆಯುವುದಿಲ್ಲ, ಕೌಂಟರಿನ ಬಗ್ಗೆ ದೂರು ಇದೆ, ಅಲ್ಲಿ ಕೂತವರನ್ನು ಎಳೆದು ತರುವುದು ನನಗೆ ಬೇಕಿಲ್ಲ. ದೋಣಿ 12 ಅಡಿಯದು. ಪ್ಲೈವುಡ್ ಮತ್ತು ಎಪಾಕ್ಸಿ. ಗ್ಯಾರೇಜಿನಲ್ಲಿ ಶನಿವಾರ, ಭಾನುವಾರ ಕೂತು ಕಟ್ಟಿದ್ದು, 14 ತಿಂಗಳು ಹಿಡಿಯಿತು. ಹಿಂದೆ ಸಿಕ್ಕಿಸಲು ಒಂದು ಚಿಕ್ಕ ಮೋಟಾರ್. ಮೋಟಾರ್ ಅಂದ ತಕ್ಷಣ ನಂಬರಿನ ಮಾತು ಶುರು.

ಇಲ್ಲಿ ನಿಯಮ ಹೀಗಿದೆ. ದೋಣಿಗೆ ಯಾವುದೇ ಯಂತ್ರ ಇದ್ದರೆ, ಅದನ್ನು ಜಾಸ್ತಿ ಬಳಸುವ ರಾಜ್ಯದಲ್ಲಿ ನೋಂದಣಿ ಆಗಬೇಕು. ಬ್ಯಾಟರಿ ಮೋಟಾರ್ ಕೂಡ ಯಂತ್ರವೇ. ಮೀನು ಹಿಡಿಯುವವರು ಕಟ್ಟಿಕೊಳ್ಳುವ ಪುಟ್ಟ ಎಲೆಕ್ಟ್ರಿಕ್ ಮೋಟಾರ್ ಇದೆಯಲ್ವಾ, ಅದೂ ಸೇರಿ. "ಅದು ಸದ್ದೇ ಮಾಡುವುದಿಲ್ಲ, ಅದಕ್ಕೂ ಬೇಕಾ" ಎಂದು ತುಂಬ ಜನ ಕೇಳುತ್ತಾರೆ. ಬೇಕು. ಬರೀ ಹುಟ್ಟು ಹಾಕುವ ದೋಣಿಗೆ, ಬರೀ ಹಾಯಿ ಇರುವ ದೋಣಿಗೆ ಕೇಂದ್ರದ ನಿಯಮ ನಂಬರ್ ಕೇಳುವುದಿಲ್ಲ. ಆದರೆ ಕೆಲವು ರಾಜ್ಯಗಳು ಕೇಳುತ್ತವೆ. ನಿಮ್ಮ ರಾಜ್ಯದ್ದು ನೀವು ನೋಡಿಕೊಳ್ಳಿ. ಬೇರೆ ರಾಜ್ಯದ ಕೆರೆಗೆ ರಜೆಯಲ್ಲಿ ತೆಗೆದುಕೊಂಡು ಹೋದರೆ ಹೆದರಬೇಡಿ, 60 ದಿನದವರೆಗೆ ನಿಮ್ಮ ನಂಬರೇ ಅಲ್ಲೂ ನಡೆಯುತ್ತದೆ.

ಈಗ ಎಲ್ಲರೂ ಗೊಂದಲ ಮಾಡಿಕೊಳ್ಳುವ ವಿಷಯ. ದೋಣಿಗೆ ಒಂದಲ್ಲ, ಎರಡು ನಂಬರ್. ಕಾರಿಗೆ ಚಾಸಿ ನಂಬರ್ ಬೇರೆ, ನಂಬರ್ ಪ್ಲೇಟ್ ಬೇರೆ ಅಲ್ವಾ, ಹಾಗೇ. ಒಂದು ದೋಣಿಯ ಮೈಗೆ ಸೇರಿದ್ದು, ಹಲ್ ಐಡೆಂಟಿಫಿಕೇಶನ್ ನಂಬರ್ ಅನ್ನುತ್ತಾರೆ, ಬಾಯಲ್ಲಿ ಹಿನ್. ಅದು ದೋಣಿ ಇರುವಷ್ಟು ದಿನ ಬದಲಾಗುವುದಿಲ್ಲ. ಇನ್ನೊಂದು ಮುಂಭಾಗದಲ್ಲಿ ಎರಡೂ ಕಡೆ ದೊಡ್ಡದಾಗಿ ಕಾಣುವ ನೋಂದಣಿ ನಂಬರ್. ನಾನು ಮೊದಲ ಸಲ ಕೌಂಟರಿಗೆ ಹೋದಾಗ ಎರಡನೆಯದನ್ನು ಕೇಳಿದೆ. ಮೊದಲನೆಯದು ಇಲ್ಲದೆ ಎರಡನೆಯದು ಸಿಗುವುದಿಲ್ಲ ಎಂದು ಗೊತ್ತಿರಲಿಲ್ಲ.

ಕೌಂಟರಿನಲ್ಲಿ ಆಗಿದ್ದು ಇಷ್ಟು. ಅರ್ಜಿಯಲ್ಲಿ ತಯಾರಕರ ಹೆಸರು, ಹಲ್ ನಂಬರ್ ಎಂಬ ಎರಡು ಖಾನೆ ಇದ್ದವು. ಮೊದಲನೆಯದರಲ್ಲಿ ನನ್ನ ಹೆಸರು ಬರೆದೆ, ಎರಡನೆಯದನ್ನು ಖಾಲಿ ಬಿಟ್ಟೆ. ಕೌಂಟರಿನವರು ಫಾರಂ ವಾಪಸ್ ತಳ್ಳಿ, ಕಂಪನಿ ಕೊಟ್ಟ ಮೂಲಪತ್ರ ತನ್ನಿ ಎಂದರು. ಕಂಪನಿ ಇಲ್ಲ, ನಾನೇ ಕಟ್ಟಿದ್ದು ಎಂದೆ. ಹಾಗಾದರೆ ಮಾರಿದವರ ರಶೀದಿ ತನ್ನಿ ಎಂದರು. ಯಾರೂ ಮಾರಿಲ್ಲ ಎಂದೆ. ಎರಡನೇ ಸಲ ಹೋದಾಗ ಬೇರೆಯವರು ಇದ್ದರು, ಅವರು ನಂಬರ್ ನೀವೇ ಏನಾದರೂ ಕೆತ್ತಿಕೊಂಡು ಬನ್ನಿ ಎಂದರು. ಇದು ಪೂರ್ತಿ ತಪ್ಪು. ಹಿನ್ ಅನ್ನು ನಾವು ಮಾಡಿಕೊಳ್ಳುವ ಹಾಗಿಲ್ಲ. ಮಾರಾಟಕ್ಕಲ್ಲದೆ ಸ್ವಂತಕ್ಕೆ ಕಟ್ಟಿದವನು ಅದನ್ನು ರಾಜ್ಯದ ನೋಂದಣಿ ಕಚೇರಿಯಿಂದಲೇ ಪಡೆಯಬೇಕು ಎಂದು ನಿಯಮದಲ್ಲೇ ಬರೆದಿದೆ. ನಾನು ಆ ದಿನ ಅವರ ಮಾತು ಕೇಳಿ ಮನೆಗೆ ಹೋಗಿ ಏನೋ ಒಂದು ನಂಬರ್ ಕೆತ್ತಿದ್ದರೆ, ಆ ಹಲಗೆಯೇ ಹಾಳಾಗುತ್ತಿತ್ತು. ಮೂರನೇ ಸಲ ಒಬ್ಬ ಹಿರಿಯರು ಸಿಕ್ಕರು. ಡ್ರಾಯರಿನಿಂದ ಬೇರೆಯೇ ಒಂದು ಫಾರಂ ತೆಗೆದರು. ಮನೆಯಲ್ಲಿ ಕಟ್ಟಿದ ದೋಣಿಗೆ ಅಂತಲೇ ಇರುವ ಫಾರಂ. ಎರಡು ಪುಟ, ಅಷ್ಟೇ. ಅದು ಮೊದಲ ದಿನವೇ ಸಿಕ್ಕಿದ್ದರೆ ನನ್ನ ಎರಡು ದಿನದ ರಜೆ ಉಳಿಯುತ್ತಿತ್ತು. ಕೌಂಟರಿಗೆ 2 ಅಂಕ ಕೊಟ್ಟಿದ್ದು ಇದಕ್ಕೆ. ಆ 2 ಕೂಡ ಈ ಹಿರಿಯರಿಗೆ ಸೇರಿದ್ದು.

ನೀವು ಹೋದಾಗ ಬಾಯಿ ಬಿಟ್ಟು ಹೀಗೆ ಕೇಳಿ: "ನಾನೇ ಕಟ್ಟಿದ ದೋಣಿ, ರಾಜ್ಯದಿಂದ ಹಲ್ ನಂಬರ್ ಬೇಕು." ನೋಂದಣಿ ಮಾಡಿಸಬೇಕು ಎಂದು ಶುರು ಮಾಡಬೇಡಿ, ಮಾತು ಬೇರೆ ದಾರಿ ಹಿಡಿಯುತ್ತದೆ.

ಫಾರಂ ಜೊತೆ ಕೇಳಿದ್ದು ಸಾಮಾನಿನ ರಶೀದಿಗಳು, ಕೆಲಸ ನಡೆಯುವಾಗ ತೆಗೆದ ಫೋಟೋಗಳು, ಮತ್ತು ನಾನೇ ಕಟ್ಟಿದ್ದು ಎಂಬ ಸಹಿ ಮಾಡಿದ ಹೇಳಿಕೆ. ರಶೀದಿ ವಿಷಯದಲ್ಲಿ ನನಗೆ ಅದೃಷ್ಟ ಇತ್ತು. ಮಗಳು ಒಂದು ದೊಡ್ಡ ಲಕೋಟೆ ಗ್ಯಾರೇಜಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಳು, ಪ್ಲೈವುಡ್, ಎಪಾಕ್ಸಿ, ತಾಮ್ರದ ತಂತಿ, ಸ್ಕ್ರೂ, ಎಲ್ಲದರ ಚೀಟಿ ಅದರೊಳಗೆ ಬೀಳುತ್ತಿತ್ತು. ಆದರೆ ಅಂಗಡಿಯ ರಶೀದಿ ಕಾಗದದ ಅಕ್ಷರ ಬಿಸಿಲಿಗೆ, ಸೆಕೆಗೆ ಮಾಸಿಹೋಗುತ್ತದೆ. ಮೊದಲ ಮೂರು ತಿಂಗಳ ಚೀಟಿಗಳಲ್ಲಿ ಅರ್ಧ ಬರೀ ಬಿಳಿ ಕಾಗದ. ತಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ತಪಾಸಣೆ. ಇದು ಎಲ್ಲ ರಾಜ್ಯದಲ್ಲೂ ಒಂದೇ ಥರ ಇರುವುದಿಲ್ಲ. ನಮ್ಮಲ್ಲಿ ಒಬ್ಬ ಅಧಿಕಾರಿ ಮನೆಗೇ ಬಂದರು. ಹೆಂಗಸು, ವಯಸ್ಸು 50ರ ಹತ್ತಿರ ಇರಬಹುದು, ಕೈಯಲ್ಲಿ ಟಾರ್ಚು ಮತ್ತು ಟೇಪು. ನಾನು ಅವರು ಬಂದು ಒಂದು ಕಣ್ಣು ಹಾಯಿಸಿ ಸಹಿ ಮಾಡಿ ಹೋಗುತ್ತಾರೆ ಎಂದುಕೊಂಡಿದ್ದೆ. ಮುಕ್ಕಾಲು ಗಂಟೆ ಇದ್ದರು. ಮೊದಲು ಹಿಂಬದಿ ಹಲಗೆಯ ಮೇಲೆ ಹೆಬ್ಬೆರಳು ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಎಳೆದರು. ಕಣ್ಣು ಬೇರೆ ಕಡೆ, ಬೆರಳು ಮಾತ್ರ ಹಲಗೆಯ ಮೇಲೆ. ಬಲಗಡೆ ಮೇಲಿನ ಮೂಲೆಗೆ ಬಂದಾಗ ನಿಂತರು. ಅಲ್ಲಿ ನಾನು ಎತ್ತುವ ಹಿಡಿಕೆ ಒಂದನ್ನು ಸ್ಕ್ರೂ ಹಾಕಿ ಕೂರಿಸಿದ್ದೆ. ಅದರ ಸುತ್ತ ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಮಲಗಿ ಸೀಟಿನ ಕೆಳಗೆ ಟಾರ್ಚು ಬಿಟ್ಟರು.

ಯಾಕೆ ಹೀಗೆ ಎಂದು ಕೇಳಿದೆ. ಅವರು ಹೇಳಿದ್ದು ನೇರ ಮಾತು. ಕದ್ದ ದೋಣಿಯ ನಂಬರ್ ಉಜ್ಜಿ ತೆಗೆದು, ಅಲ್ಲಿ ಪುಟ್ಟಿ ತುಂಬಿ, ಬಣ್ಣ ಬಳಿದು, ಇದು ನಾನೇ ಮನೆಯಲ್ಲಿ ಕಟ್ಟಿದ್ದು ಎಂದು ಹೊಸ ನಂಬರ್ ಕೇಳುವವರು ಇರುತ್ತಾರೆ. ಹಾಗಾಗಿ ಕಾರ್ಖಾನೆಯ ದೋಣಿಯಲ್ಲಿ ನಂಬರ್ ಎಲ್ಲಿರುತ್ತದೋ, ಮೊದಲು ಅದೇ ಜಾಗವನ್ನು ಮುಟ್ಟಿ ನೋಡುತ್ತಾರೆ. ನನಗೆ ಇದು ಕೇಳಿ ಸಮಾಧಾನ ಆಯಿತು. 14 ತಿಂಗಳು ಕೂತು ಕಟ್ಟಿದ ದೋಣಿ ಯಾವತ್ತಾದರೂ ಕಳುವಾದರೆ, ಇನ್ಯಾವುದೋ ಊರಿನ ಗ್ಯಾರೇಜಿನಲ್ಲಿ ಇಂಥದೇ ಒಂದು ಹೆಬ್ಬೆರಳು ನನ್ನ ದೋಣಿಯ ಮೇಲೆ ಓಡುತ್ತದೆ ಅಲ್ವಾ.

ಉದ್ದ ಅಳೆಯುವಾಗಲೂ ಒಂದು ವಿಷಯ ಕಲಿತೆ. ಟೇಪನ್ನು ದೋಣಿಯ ಬದಿಯ ಬಾಗು ಹಿಡಿದು ಎಳೆಯುವ ಹಾಗಿಲ್ಲ. ಮುಂದಿನ ತುದಿಯಿಂದ ಹಿಂದಿನ ತುದಿಗೆ, ನಡುಗೆರೆಗೆ ಸಮನಾಗಿ, ನೇರ ಗೆರೆ. ಚುಕ್ಕಾಣಿ, ಮೋಟಾರ್ ಕೂರಿಸುವ ಬ್ರಾಕೆಟ್, ಹಿಡಿಕೆ ಇವು ಲೆಕ್ಕಕ್ಕಿಲ್ಲ. ನಾನು ಅರ್ಜಿಯಲ್ಲಿ ಬ್ರಾಕೆಟ್ ಸೇರಿಸಿ ಬರೆದಿದ್ದೆ, ಅವರು ಅಲ್ಲೇ ತಿದ್ದಿಸಿದರು. ಬೈಯಲಿಲ್ಲ, ಸಣ್ಣ ಮಾಡಿ ನೋಡಲಿಲ್ಲ. ಹೋಗುವ ಮುಂಚೆ ಎಷ್ಟು ಜನ ಕೂರಬಹುದು ಎಂಬ ಲೆಕ್ಕವನ್ನೂ ಹೇಳಿಕೊಟ್ಟರು. ಸಾಮರ್ಥ್ಯದ ಫಲಕ ಇಲ್ಲದ, ಒಂದೇ ಒಡಲಿನ, 20 ಅಡಿಗಿಂತ ಚಿಕ್ಕ ದೋಣಿಗೆ ಉದ್ದವನ್ನು ಅಗಲದಿಂದ ಗುಣಿಸಿ 15ರಿಂದ ಭಾಗಿಸಬೇಕು, ಎರಡೂ ಅಡಿಯಲ್ಲಿ. ನನ್ನದು 12 ಅಡಿ, ಅಗಲ 4.5. ಗುಣಿಸಿದರೆ 54, ಭಾಗಿಸಿದರೆ 3.6. ಅಂದರೆ 3 ಜನ. ನಾನು 4 ಅಂದುಕೊಂಡಿದ್ದೆ. ನೀರು ಶಾಂತ ಇದ್ದರೆ ಮಾತ್ರ ಈ ಲೆಕ್ಕ, ಗಾಳಿ ಎದ್ದರೆ ಇನ್ನೂ ಕಡಿಮೆ ಎಂದರು. ತಪಾಸಣೆಗೆ 5 ಅಂಕ ಸುಮ್ನೆ ಕೊಟ್ಟಿಲ್ಲ.

ಎರಡು ವಾರದಲ್ಲಿ ನಂಬರ್ ಅಂಚೆಯಲ್ಲಿ ಬಂತು. 12 ಅಕ್ಷರ, ಅಂಕಿಗಳ ಸಾಲು. ಇದನ್ನು ಓದುವುದು ಹೇಗೆ ಅಂದರೆ, ಮೊದಲ ಮೂರು ಅಕ್ಷರ ಯಾರು ಕಟ್ಟಿದ್ದು ಎಂಬ ಗುರುತು. ಕಂಪನಿಗಳಿಗೆ ಕೋಸ್ಟ್ ಗಾರ್ಡ್ ಕೊಟ್ಟ ಕೋಡ್ ಇರುತ್ತದೆ. ರಾಜ್ಯ ಕೊಟ್ಟ ನಂಬರಾದರೆ ರಾಜ್ಯದ ಎರಡಕ್ಷರ, ಅದರ ಪಕ್ಕ ಝಡ್. ಆ ಝಡ್ ಕಂಡರೆ ಈ ನಂಬರ್ ಕಂಪನಿಯದಲ್ಲ, ರಾಜ್ಯ ಕೊಟ್ಟಿದ್ದು ಎಂದು ತಿಳಿಯುತ್ತದೆ. ನನಗೆ ಆ ಝಡ್ ಮೇಲೆ ತುಂಬ ಪ್ರೀತಿ. ಆಮೇಲಿನ ಐದು ಕ್ರಮಸಂಖ್ಯೆ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಒಂದು ಮತ್ತು ಸೊನ್ನೆ ಅಂತ ತಪ್ಪು ಓದಬಾರದು ಎಂದು. ಆಮೇಲೆ ತಿಂಗಳಿಗೆ ಒಂದು ಅಕ್ಷರ, ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ ಡಿಸೆಂಬರಿಗೆ ಎಲ್. ಆಮೇಲೆ ವರ್ಷದ ಕೊನೆಯ ಅಂಕಿ. ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಈ ಕ್ರಮ 1984ರ ಆಗಸ್ಟಿನಿಂದ ನಡೆದು ಬಂದಿದೆ. ಹಲ್ ನಂಬರ್ ಕಡ್ಡಾಯವಾಗಿದ್ದು ಅದಕ್ಕೂ ಮುಂಚೆ, 1972ರ ನವೆಂಬರಿನಲ್ಲಿ. ಹಾಗಾಗಿ ಯಾರಾದರೂ 1960ರ ದಶಕದ ಹಳೇ ದೋಣಿ ಕೊಡುತ್ತೇನೆ ಅಂದರೆ, ಅದರಲ್ಲಿ ಇಂಥ ನಂಬರ್ ಇಲ್ಲ ಅಂತ ಗಾಬರಿಯಾಗಬೇಡಿ.

ನಂಬರ್ ಕೈಗೆ ಬಂದ ಮೇಲೆ ನಿಜವಾದ ಕೆಲಸ. ಅದನ್ನು ಎರಡು ಕಡೆ ಹಾಕಬೇಕು. ಮೊದಲನೆಯದು ಹಿಂಬದಿ ಹಲಗೆಯ ಹೊರಗೆ, ದೋಣಿಯಲ್ಲಿ ಮುಂದಕ್ಕೆ ಮುಖ ಮಾಡಿ ಕೂತರೆ ನಿಮ್ಮ ಬಲಗೈ ಕಡೆ, ಮೇಲಿನ ಅಂಚಿನಿಂದ 2 ಇಂಚಿನೊಳಗೆ. ಎರಡೂ ತುದಿ ಚೂಪಾಗಿದ್ದು ಹಿಂಬದಿ ಹಲಗೆಯೇ ಇಲ್ಲದ ದೋಣಿಯಾದರೆ, ಬಲ ಬದಿಯಲ್ಲಿ ಹಿಂದಿನ ತುದಿಯಿಂದ 1 ಅಡಿಯೊಳಗೆ, ಮೇಲಂಚಿನಿಂದ 2 ಇಂಚಿನೊಳಗೆ. ಅಕ್ಷರದ ಎತ್ತರ ಕಾಲು ಇಂಚಿಗೆ ಕಡಿಮೆ ಇರಬಾರದು. ಎರಡನೆಯದು ಅದೇ ನಂಬರ್, ಆದರೆ ಒಳಗಡೆ, ಕಣ್ಣಿಗೆ ಬೀಳದ ಜಾಗದಲ್ಲಿ, ಅಥವಾ ಯಾವುದಾದರೂ ಬಿಡಿಭಾಗದ ಅಡಿಯಲ್ಲಿ. ಕಳ್ಳ ಹೊರಗಿನದನ್ನು ಉಜ್ಜಿದರೂ ಒಳಗಿನದು ಉಳಿಯಲಿ ಎಂದು. ನನ್ನದು ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ನೀವೂ ಯಾರಿಗೂ ಹೇಳಬೇಡಿ, ಫೋಟೋ ತೆಗೆದು ಹಾಕಲೂ ಬೇಡಿ.

ಕೆತ್ತಬಹುದು, ಸುಡಬಹುದು, ಅಚ್ಚು ಒತ್ತಬಹುದು, ಅಂಟಿಸಲೂಬಹುದು. ಷರತ್ತು ಒಂದೇ: ತೆಗೆದರೆ, ಬದಲಾಯಿಸಿದರೆ ಅದು ಎದ್ದು ಕಾಣಬೇಕು. ಪ್ರತ್ಯೇಕ ತಗಡಿನ ಮೇಲೆ ಬರೆದು ಅಂಟಿಸಿದರೆ, ಆ ತಗಡು ಕಿತ್ತಾಗ ಹಲಗೆಗೆ ಗಾಯ ಆಗುವ ಹಾಗೆ ಅಂಟಿರಬೇಕು. ಎರಡು ಸ್ಕ್ರೂ ಹಾಕಿದರೆ ಸಾಲದು. ಕಳಚಿ ಇಡುವ ಭಾಗದ ಮೇಲಂತೂ ಹಾಕುವ ಹಾಗೇ ಇಲ್ಲ.

ನಾನು ಮೊದಲು ಉಕ್ಕಿನ ಅಕ್ಷರದ ಅಚ್ಚುಗಳ ಸೆಟ್ ತರಿಸಿದೆ, ಸುತ್ತಿಗೆಯಿಂದ ಹೊಡೆಯುವಂಥದ್ದು. ಅದು 6 ಮಿಲಿಮೀಟರಿನದು. ಕಾಲು ಇಂಚು ಅಂದರೆ 6.35 ಮಿಲಿಮೀಟರ್. ಕೂದಲೆಳೆಯಷ್ಟು ಕಡಿಮೆ, ಆದರೂ ಕಡಿಮೆಯೇ. ವಾಪಸ್ ಕಳಿಸಿದೆ. ಈ ಥರದ ಸೆಟ್ ಕೊಳ್ಳುವವರು ಡಬ್ಬದ ಮೇಲಿನ ಅಳತೆ ಸರಿಯಾಗಿ ಓದಿ. ಅದೂ ಅಲ್ಲದೆ ಪ್ಲೈವುಡ್ ಮೇಲೆ ಅಚ್ಚು ಹೊಡೆದರೆ ಮೇಲಿನ ಪದರದ ನಾರು ಹರಿದು ಅಂಚು ಕಿತ್ತುಬರುತ್ತದೆ, ಒಂದು ಚೂರು ಹಲಗೆಯ ಮೇಲೆ ಹೊಡೆದು ನೋಡಿದೆ, ಮೂರನೇ ಅಕ್ಷರಕ್ಕೇ ಚಕ್ಕೆ ಎದ್ದಿತು. ಕೊನೆಗೆ ಮರ ಸುಡುವ ಪೆನ್ನು ಕೆಲಸಕ್ಕೆ ಬಂತು. ಬಿಸಿ ಮೊನೆಯಿಂದ ಅಕ್ಷರ ಸುಟ್ಟು ಬರೆಯುವ ಪೆನ್ನು, ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಮಗಳು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ಅಕ್ಷರ ಗುರುತು ಹಾಕಿಕೊಟ್ಟಳು. ನಾನು ಉಸಿರು ಹಿಡಿದು ಸುಟ್ಟೆ. ಒಂದೊಂದು ಅಕ್ಷರಕ್ಕೂ ಸಣ್ಣ ಹೊಗೆ, ಸುಟ್ಟ ಮರದ ವಾಸನೆ. 12 ಅಕ್ಷರಕ್ಕೆ ಒಂದು ಗಂಟೆ ಹಿಡಿಯಿತು, ಉದ್ದ 3.5 ಇಂಚು ಬಂತು. ಮೇಲೆ ಬಣ್ಣವಿಲ್ಲದ ಎಪಾಕ್ಸಿ ಎರಡು ಕೈ, ಅದರ ಮೇಲೆ ವಾರ್ನಿಶ್. ಈಗ ಗಾಜಿನ ಅಡಿಯಲ್ಲಿ ಬರೆದ ಹಾಗೆ ಕಾಣುತ್ತದೆ.

ಆದರೆ ಅದಕ್ಕೂ ಮುಂಚೆ ಆ ಹಿಡಿಕೆ ಬಿಚ್ಚಬೇಕಾಯಿತು. ನಂಬರ್ ಬರಬೇಕಾದ ಜಾಗದಲ್ಲೇ ಕೂತಿತ್ತಲ್ಲ. ನಾಲ್ಕು ಸ್ಕ್ರೂ ತೂತು ಮುಚ್ಚಿ, ಉಜ್ಜಿ, ಬಣ್ಣ ಪೂರ್ತಿ ಕೆರೆದು ಮರ ತೋರುವವರೆಗೆ ತೆಗೆದು, ಎರಡು ವಾರಾಂತ್ಯ ಹೋಯಿತು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಹಿಂಬದಿ ಹಲಗೆ ಕತ್ತರಿಸಿದ ದಿನವೇ ಆ ಬಲ ಮೂಲೆಯಲ್ಲಿ ಪೆನ್ಸಿಲಿನಿಂದ 4 ಇಂಚು ಅಗಲದ ಒಂದು ಚೌಕ ಎಳೆಯಿರಿ. ಅಲ್ಲಿ ಏನೂ ಕೂರಿಸಬೇಡಿ, ಬಣ್ಣ ಬಳಿಯಬೇಡಿ. ಒಳಗೂ ಒಂದು ಜಾಗ ಆರಿಸಿಟ್ಟುಕೊಳ್ಳಿ, ಮೇಲ್ಭಾಗ ಮುಚ್ಚಿದ ಮೇಲೆ ಕೈ ಹೋಗದ ಕಡೆ ನಂಬರ್ ಬರೆಯುವುದು ಆಗದ ಮಾತು.

ಮುಂಭಾಗದ ನೋಂದಣಿ ನಂಬರಿಗೆ ಬರೋಣ. ಸರ್ಟಿಫಿಕೇಟ್ ಬಂದ ಮೇಲೆ ಅದರಲ್ಲಿರುವ ನಂಬರನ್ನು ದೋಣಿಯ ಮುಂದಿನ ಅರ್ಧದಲ್ಲಿ ಎರಡೂ ಬದಿ ಹಾಕಬೇಕು. ಎತ್ತರ 3 ಇಂಚಿಗೆ ಕಡಿಮೆ ಇರಬಾರದು, ನೆಟ್ಟಗಿನ ದಪ್ಪಕ್ಷರ, ಹಿನ್ನೆಲೆಗೆ ಎದ್ದು ಕಾಣುವ ಬಣ್ಣ. ನಾನು ಮೊದಲು ತರಿಸಿದ ವಿನೈಲ್ ಸ್ಟಿಕರ್ ಸೆಟ್ಟಿನ ಅಕ್ಷರಗಳು ಚಂದ ಇದ್ದವು, ಓಡುವ ಹಾಗೆ ಓರೆ. ಓರೆ ನಡೆಯುವುದಿಲ್ಲ. ಎರಡನೇ ಸೆಟ್ ನೆಟ್ಟಗಿನದು ತಂದೆ, ಆದರೆ ಬಣ್ಣ ಪೂರ್ತಿ ಒಣಗುವ ಮುಂಚೆ ಅಂಟಿಸಿಬಿಟ್ಟೆ, ಒಂದು ವಾರದಲ್ಲಿ ಅಡಿಯಲ್ಲಿ ಗುಳ್ಳೆ ಎದ್ದು ತುದಿ ಮಡಚಿಕೊಂಡಿತು. ಮೇಲೆ ಒಣಗಿದ ಹಾಗೆ ಕಂಡರೂ ಎಣ್ಣೆ ಬಣ್ಣ ಒಳಗೆ ಗಟ್ಟಿಯಾಗಲು ವಾರಗಳೇ ಬೇಕು. ಆಮೇಲೆ ಸ್ಟಿಕರನ್ನೇ ಬಿಟ್ಟು, ಕೊರೆದ ಅಚ್ಚಿನ ಹಾಳೆ ಇಟ್ಟು ಬ್ರಷ್ಷಿನಿಂದ ಬರೆದೆ. ಮರದ ದೋಣಿಗೆ ಅದೇ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ. ಫೈಬರ್ ದೋಣಿಗೆ ಸ್ಟಿಕರ್ ಚೆನ್ನಾಗೇ ಕೂರುತ್ತದೆ.

ನಂಬರಿನಲ್ಲಿ ಮೊದಲು ರಾಜ್ಯದ ಎರಡಕ್ಷರ, ನಡುವೆ ಅಂಕಿಗಳು, ಕೊನೆಗೆ ಮತ್ತೆ ಅಕ್ಷರ. ಈ ಮೂರು ಗುಂಪಿನ ನಡುವೆ ಒಂದು ಅಕ್ಷರದಷ್ಟು ಜಾಗ ಅಥವಾ ಅಡ್ಡಗೆರೆ ಬೇಕು. ಎಲ್ಲವನ್ನೂ ಒಟ್ಟಿಗೆ ಅಂಟಿಸಿದ ದೋಣಿಗಳನ್ನು ತುಂಬ ನೋಡಿದ್ದೇನೆ, ದೂರದಿಂದ ಓದಲು ಆಗುವುದೇ ಇಲ್ಲ. ಎರಡೂ ಬದಿಯಲ್ಲಿ ಎಡದಿಂದ ಬಲಕ್ಕೇ ಓದುವ ಹಾಗಿರಬೇಕು. ಅಂದರೆ ಎಡ ಬದಿಯಲ್ಲಿ ನಂಬರ್ ಮೂತಿಯ ಕಡೆಯಿಂದ ಶುರುವಾಗುತ್ತದೆ, ಬಲ ಬದಿಯಲ್ಲಿ ಮೂತಿಯ ಕಡೆ ಮುಗಿಯುತ್ತದೆ. ಎರಡೂ ಕಡೆ ಸಮ ಕಾಣಬೇಕಾದರೆ ಎಡಕ್ಕೆ ಮೊದಲ ಅಕ್ಷರದಿಂದ, ಬಲಕ್ಕೆ ಕೊನೆಯ ಅಕ್ಷರದಿಂದ ಅಳತೆ ಇಡಿ. ವರ್ಷದ ಸ್ಟಿಕರ್ ಕೊಟ್ಟರೆ ಅದು ನಂಬರಿನಿಂದ 6 ಇಂಚಿನೊಳಗೆ ಇರಬೇಕು, ಅದಕ್ಕೂ ಜಾಗ ಬಿಡಿ.

ಇನ್ನು ಮಾರುವ ವಿಷಯ. ರಾಜ್ಯ ಕೊಡುವ ನಂಬರ್ ಸ್ವಂತ ಬಳಕೆಗೆ ಕಟ್ಟಿದವನಿಗೆ. ಮಾರಲೆಂದೇ ಕಟ್ಟುತ್ತೀರಾದರೆ ನೀವು ತಯಾರಕರು, ಕೋಸ್ಟ್ ಗಾರ್ಡಿನಿಂದ ಸ್ವಂತ ಕೋಡ್ ಪಡೆಯಬೇಕು, ಬೇರೆ ಜವಾಬ್ದಾರಿಗಳೂ ಬರುತ್ತವೆ. ಯುರೋಪಿನಲ್ಲಿ ಇರುವವರಿಗೆ ಲೆಕ್ಕ ಬೇರೆ. ಅಲ್ಲಿ 2.5 ಮೀಟರಿನಿಂದ 24 ಮೀಟರಿನವರೆಗಿನ ಮನರಂಜನಾ ದೋಣಿಗಳಿಗೆ 2013ರ ನಿರ್ದೇಶನ ಇದೆ, ಸ್ವಂತಕ್ಕೆ ಕಟ್ಟಿದವರಿಗೆ ಅದರಿಂದ ವಿನಾಯಿತಿ ಇದೆ, ಆದರೆ ನೀರಿಗೆ ಇಳಿಸಿ 5 ವರ್ಷ ಆಗುವವರೆಗೆ ಮಾರುಕಟ್ಟೆಗೆ ತರುವ ಹಾಗಿಲ್ಲ.

ಕಚೇರಿಯವರು ಇದನ್ನು ಓದಿದರೆ ಒಂದೇ ಬೇಡಿಕೆ. ಆ ಎರಡು ಪುಟದ ಫಾರಂ ಡ್ರಾಯರಿನಲ್ಲಿ ಇಡಬೇಡಿ, ಮುಂದೆ ಇಡಿ. ಅದರ ಜೊತೆ ನಂಬರ್ ಎಲ್ಲಿ ಹಾಕಬೇಕು ಎಂಬ ಒಂದು ಚಿತ್ರ ಕೊಡಿ.

ಸರ್ಟಿಫಿಕೇಟ್ ದೋಣಿ ಓಡಿಸುವಾಗ ಜೊತೆಯಲ್ಲೇ ಇರಬೇಕು. ನೀರು ಹೋಗದ ಚೀಲದಲ್ಲಿ ಹಾಕಿ ಸೀಟಿಗೆ ಕಟ್ಟಿದ್ದೇನೆ. ಅದರ ಅವಧಿ ಹೆಚ್ಚೆಂದರೆ 3 ವರ್ಷ. ವಿಳಾಸ ಬದಲಾದರೆ, ಮಾರಿದರೆ, ದೋಣಿ ಒಡೆದುಹೋದರೆ 15 ದಿನದೊಳಗೆ ತಿಳಿಸಬೇಕು.

ಮಗಳು ಈಗ ಗ್ಯಾರೇಜಿನಲ್ಲಿ ತನ್ನದೇ ಒಂದು 8 ಅಡಿಯ ಹುಟ್ಟಿನ ದೋಣಿ ಶುರು ಮಾಡಿದ್ದಾಳೆ. ಮೋಟಾರ್ ಇಲ್ಲ, ನಮ್ಮಲ್ಲಿ ಅದಕ್ಕೆ ನಂಬರ್ ಬೇಕಾಗಿಲ್ಲ. ಆದರೂ ಗೋಡೆಯ ಮೇಲೆ ಹೊಸ ಲಕೋಟೆ ತೂಗುತ್ತಿದೆ, ನಿನ್ನೆ ಕತ್ತರಿಸಿದ ಹಿಂಬದಿ ಹಲಗೆಯ ಬಲ ಮೂಲೆಯಲ್ಲಿ ಪೆನ್ಸಿಲಿನ ಚೌಕ ಇದೆ.